ಬಿಳಿ ಪೆಟ್ಟಿಗೆಯ ಎರಡನೆಯ ಚೀಟಿ

ಭೋಜ ಜಿಲ್ಲಾ ಬೋರ್ಡಿನ ಚುನಾವಣೆಗೆ ನಿಂತ ಸುದ್ದಿ ಹಟ್ಟಿಗೆ ಮುಟ್ಟಿದಾಗ ಯಾರೂ ಸಿಟ್ಟಾಗಲಿಲ್ಲ, ನಕ್ಕರು. ಸಿಟ್ಟಾಗಿದ್ದರೆ ಎದುರು ನಿಂತು ಎರಡು ಮಾತಾಡಬಹುದಿತ್ತು. ನಗುವವರ ಮುಂದೆ ಮನುಷ್ಯ ಒಬ್ಬನೇ ಆಗಿಬಿಡುತ್ತಾನೆ.

ಊಟಿಯ ಕಡೆಯ ಮಂಜೂರಿನಿಂದ ಇಳಿದು, ಹಳ್ಳ ದಾಟಿ, ಮತ್ತೆ ಗುಡ್ಡ ಹತ್ತಿದರೆ ಸಿಗುವ ಹಟ್ಟಿ ಅದು. ಮನೆಗಳೆಲ್ಲ ಒಂದೇ ಸಾಲಿನಲ್ಲಿ, ಇಬ್ಬರಿಗೆ ಒಂದು ಗೋಡೆ. ಈ ಮನೆಯಲ್ಲಿ ಕೆಮ್ಮಿದರೆ ಆ ಮನೆಯಲ್ಲಿ ಕೇಳುತ್ತಿತ್ತು. ಸಾಲಿನ ಮುಂದೆ ಉದ್ದನೆಯ ಅಂಗಳ, ಅಂಗಳದ ಕೊನೆಗೆ ಸುತ್ತುಕಲ್ಲು ಎಂಬ ಕಲ್ಲಿನ ಕಟ್ಟೆ. ಹಿರಿಯರು ಕೂತು ನ್ಯಾಯ ಹೇಳುತ್ತಿದ್ದುದು ಅಲ್ಲಿ. ಯಾರ ಮದುವೆ ಯಾವಾಗ, ಆಲೂಗಡ್ಡೆ ಕೀಳಲು ಮೊದಲು ಯಾರ ಹೊಲಕ್ಕೆ ಹೋಗಬೇಕು, ಜಗಳ ಆಡಿಕೊಂಡ ಅಣ್ಣತಮ್ಮಂದಿರು ಯಾವಾಗ ಮಾತಾಡಬೇಕು, ಎಲ್ಲವೂ ಅಲ್ಲಿಯೇ ತೀರ್ಮಾನವಾಗುತ್ತಿತ್ತು. ಇಷ್ಟು ಜನ ಹೌದು, ಇಷ್ಟು ಜನ ಅಲ್ಲ ಎಂದು ಎಣಿಸುವ ಪದ್ಧತಿ ಅವರಲ್ಲಿ ಇರಲಿಲ್ಲ. ಎಲ್ಲರೂ ಒಪ್ಪುವ ತನಕ ಮಾತಾಡುತ್ತಿದ್ದರು. ಒಪ್ಪಿದ ಮೇಲೆ ಅದು ಒಬ್ಬರ ಮಾತಲ್ಲ, ಹಟ್ಟಿಯ ಮಾತು.

ಆ ಸಲದ ಹಟ್ಟಿಯ ಮಾತು ಜಯರಾಮನ್ ಅವರಿಗೆ ಸಂದಿತ್ತು. ಊಟಿಯಲ್ಲಿ ಆಲೂಗಡ್ಡೆಯ ಮಂಡಿ ಇಟ್ಟಿದ್ದವರು. ಗೆದ್ದರೆ ಹಳ್ಳದ ಮೇಲೆ ಗಾಡಿ ಹೋಗುವಂಥ ದಾರಿ ಮಾಡಿಸುತ್ತೇನೆ ಎಂದಿದ್ದರು. ತಲೆಯ ಮೇಲೆ ಮೂಟೆ ಹೊತ್ತು ಹಳ್ಳ ಇಳಿದು ಹತ್ತುವವರಿಗೆ ಅದು ಸಣ್ಣ ಆಸೆಯಲ್ಲ. ಹಟ್ಟಿಯ ಹಿರಿಯರಾದ ಮಾದ ಗೌಡರು ಎಲ್ಲರನ್ನೂ ಕೇಳಿ, ಎಲ್ಲರೂ ಒಪ್ಪಿ, ದೇವಿ ಹೆತ್ತೆಯಮ್ಮನ ಹೆಸರಿನಲ್ಲಿ ಮಾತು ಕೊಟ್ಟಾಗಿತ್ತು. ಆ ದಿನ ಸುತ್ತುಕಲ್ಲಿಗೆ ಬಾರದಿದ್ದ ಭೋಜ ಅದಾದ ಮೇಲೆ ಮಂಜೂರಿಗೆ ಹೋಗಿ, ಅಂಚೆಯ ರಂಗನಾಥನ್ ಅವರ ಕೈಯಲ್ಲಿ ಕಾಗದ ಬರೆಸಿ, ತಾನೂ ನಿಂತುಬಂದ.

"ನೀನು ಗೆದ್ದು ಏನು ಮಾಡ್ತೀಯೋ?" ಎಂದು ಸುಬ್ಬ ಕೇಳಿದ. ಸುಬ್ಬನ ಗಡ್ಡೆಯೆಲ್ಲ ಹೋಗುತ್ತಿದ್ದುದು ಜಯರಾಮನ್ ಅವರ ಮಂಡಿಗೆ. ಮಾತು ಚುರುಕು, ಮನಸ್ಸು ಕೆಟ್ಟದ್ದಲ್ಲ.

"ಮಂಜೂರಿನ ಆಸ್ಪತ್ರೆಗೆ ಒಬ್ಬ ಓದಿದ ದಾದಿಯನ್ನ ಹಾಕಿಸ್ತೀನಿ. ಹೆರಿಗೆಗೆ."

ಸುತ್ತುಕಲ್ಲಿನ ಮೇಲೆ ಕೂತವರೆಲ್ಲ ತಿರುಗಿ ನೋಡಿದರು. ಆಮೇಲೆ ಸುಬ್ಬ ತೊಡೆ ತಟ್ಟಿಕೊಂಡು ನಕ್ಕ.

"ಗಂಡಸು ಹೋಗಿ ದೊರೆಗಳ ಮುಂದೆ ನಿಂತು ಹೆರಿಗೆ ವಿಚಾರ ಮಾತಾಡೋದಾ! ಓಟು ಬೀಳೋಕೆ ನಿನಗೆ ಯಾವ ಬಣ್ಣದ ಪೆಟ್ಟಿಗೆ ಕೊಟ್ಟವ್ರೆ?"

"ಬಿಳಿ."

"ಸರಿಯಾಗೇ ಕೊಟ್ಟವ್ರೆ ಬಿಡು. ನಂಗ ಹಟ್ಟಿ ಹೆಂಗಸರು ಉಡೋ ಮುಂಡೂ ಬಿಳಿ, ನಿನ್ನ ಪೆಟ್ಟಿಗೇನೂ ಬಿಳಿ!"

ಅಂದಿನಿಂದ ಅವನ ಹೆಸರು 'ದಾದಿ ಭೋಜ' ಎಂದಾಯಿತು. ಮಕ್ಕಳು ಕೂಡ ಕಲಿತರು.

ಅವನಿಗೆ ಆ ವಿಚಾರ ಎಲ್ಲಿಂದ ಬಂತು ಎಂದು ಎಲ್ಲರಿಗೂ ಗೊತ್ತಿತ್ತು, ಆದ್ದರಿಂದಲೇ ಯಾರೂ ಅದನ್ನು ಎತ್ತುತ್ತಿರಲಿಲ್ಲ. ಆರು ವರ್ಷದ ಹಿಂದೆ, ಆಡಿ ತಿಂಗಳ ಮಳೆಯಲ್ಲಿ, ಅವನ ಹೆಂಡತಿ ಗಂಗೆ ಹೆರಲಾರದೆ ತೀರಿಕೊಂಡಿದ್ದಳು. ಮಗು ಅಡ್ಡ ಕೂತಿತ್ತು. ಮಂಜೂರಿನ ಆಸ್ಪತ್ರೆಯಲ್ಲಿ ಔಷಧ ಕೊಡುವ ಒಬ್ಬ ಗಂಡಸು ಬಿಟ್ಟರೆ ಬೇರೆ ಯಾರೂ ಇರಲಿಲ್ಲ. ಹಟ್ಟಿಯಲ್ಲಿ ಇದ್ದವಳು ಕೆಂಪಿ ಒಬ್ಬಳೇ.

ಕೆಂಪಿ ಭೋಜನ ದೊಡ್ಡಪ್ಪನ ಹೆಂಡತಿ. ಗಂಡನಿಲ್ಲ, ಮಕ್ಕಳಿಲ್ಲ. ಹಟ್ಟಿಯ ಅರ್ಧ ಜನ ಅವಳ ಕೈಗೇ ಹುಟ್ಟಿ ಬಿದ್ದವರು, ಭೋಜನೂ ಸೇರಿ. ಹೆರಿಗೆಯ ಮನೆಗೆ ಕಾಲಿಟ್ಟ ಕೂಡಲೇ ಅವಳು ಮಾಡುತ್ತಿದ್ದ ಮೊದಲ ಕೆಲಸವೆಂದರೆ ಒಲೆಯ ಮುಂದೆ ಕೂತು ಎರಡೂ ಅಂಗೈ ಉಜ್ಜಿ ಉಜ್ಜಿ ಬಿಸಿ ಮಾಡಿಕೊಳ್ಳುವುದು. "ಲೋಕಕ್ಕೆ ಬರೋ ಕೂಸಿಗೆ ಮೊದಲು ಸೋಕೋ ಕೈ ತಣ್ಣಗಿರಬಾರದು" ಎನ್ನುತ್ತಿದ್ದಳು. ಗಂಗೆಯ ಸಲವೂ ಹಾಗೆಯೇ ಉಜ್ಜಿಕೊಂಡು ಒಳಗೆ ಹೋದಳು. ಎರಡನೆಯ ದಿನ ಹೊರಗೆ ಬಂದಾಗ ಏನೂ ಹೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಭೋಜನೂ ಏನೂ ಕೇಳಲಿಲ್ಲ. ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡ. ನಿಮ್ಮ ತಪ್ಪಲ್ಲ ದೊಡ್ಡವ್ವೆ ಎಂದು ಅಂದೇ ಒಂದು ಮಾತು ಅಂದಿದ್ದರೆ ಆಗುತ್ತಿತ್ತು. ಅವತ್ತು ಬಾಯಿಗೆ ಬರಲಿಲ್ಲ. ಆಮೇಲೆ ಅನ್ನುವುದು ಕಷ್ಟವಾಯಿತು, ವರ್ಷ ಕಳೆದ ಮೇಲೆ ಇನ್ನೂ ಕಷ್ಟವಾಯಿತು.

ಇಬ್ಬರ ನಡುವೆ ಇದ್ದುದು ಒಂದು ಗೋಡೆ. ಆ ಕಡೆ ಅವಳ ಒಲೆ, ಈ ಕಡೆ ಇವನ ಒಲೆ. ಗಂಗೆ ಇದ್ದಾಗ ಕೆಂಡ ಬೇಕಾದರೆ ಸೌಟಿನಿಂದ ಗೋಡೆ ಕುಟ್ಟುತ್ತಿದ್ದಳು, ಆ ಕಡೆಯಿಂದ ಬೈಗುಳದ ಜೊತೆಗೇ ಕೆಂಡ ಬರುತ್ತಿತ್ತು. ಈಗ ಗೋಡೆ ಸುಮ್ಮನಿತ್ತು.

ಒಂದು ಕೆಲಸ ಮಾತ್ರ ನಿಂತಿರಲಿಲ್ಲ. ಅವರಲ್ಲಿ ಎಮ್ಮೆ ಕರೆಯುವುದು ಗಂಡಸರ ಕೆಲಸ, ಹೆಂಗಸರು ಕೆಚ್ಚಲು ಮುಟ್ಟುವುದಿಲ್ಲ. ಕೆಂಪಿಯ ಒಂದು ಎಮ್ಮೆಯನ್ನು ಭೋಜ ದಿನಾ ಬೆಳಿಗ್ಗೆ ಕರೆದು, ಹಾಲಿನ ಚೊಂಬನ್ನು ಅವಳ ಹೊಸ್ತಿಲಲ್ಲಿ ಇಟ್ಟು ಬರುತ್ತಿದ್ದ. ಸಂಜೆಗೆ ಆ ಚೊಂಬು ಬೆಳಗಿ, ಮಗುಚಿ, ಇವನ ಹೊಸ್ತಿಲಲ್ಲಿ ಇರುತ್ತಿತ್ತು. ಅದನ್ನು ಇಬ್ಬರೂ ಮಾತು ಎಂದು ಎಣಿಸಿರಲಿಲ್ಲ.

ರಂಗನಾಥನ್ ಅವರ ಹೆಂಡತಿಗೆ ಕೆತ್ತಿಯ ಆಸ್ಪತ್ರೆಯಲ್ಲಿ ಹೆರಿಗೆಯಾದಾಗ ಅಲ್ಲಿಯೂ ಮಗು ಅಡ್ಡ ಕೂತಿತ್ತಂತೆ. ಒಬ್ಬ ಓದಿದ ದಾದಿ ಹೊಟ್ಟೆಯ ಮೇಲೆ ಕೈಯಿಟ್ಟು, ಮೆಲ್ಲಗೆ ಸವರಿ ಸವರಿ, ಮಗುವನ್ನು ನೆಟ್ಟಗೆ ಮಾಡಿದಳಂತೆ. ಅಂಚೆಯ ಕಟ್ಟೆಯ ಮೇಲೆ ಕೂತು ಅವರು ಸುಮ್ಮನೆ ಹೇಳಿದ ಸುದ್ದಿ ಅದು. ಭೋಜ ಅದನ್ನು ಮನೆಗೆ ಹೊತ್ತು ತಂದ, ಆಮೇಲೆ ಕೆಳಗಿಡಲು ಆಗಲಿಲ್ಲ.

ಓಟು ಕೇಳಲು ಅವನು ಸಾಲಿನ ಒಂದೊಂದೇ ಬಾಗಿಲಿಗೆ ಹೋದ. ಹಿರಿಯರನ್ನು ಕಂಡರೆ ಕಿರಿಯರು ತಲೆ ಬಗ್ಗಿಸಬೇಕು, ಹಿರಿಯರು ತಲೆಯ ಮೇಲೆ ಕೈಯಿಟ್ಟು "ಬದುಕು, ಬದುಕು" ಎನ್ನಬೇಕು, ಅದು ಅವರ ಕ್ರಮ. ಪ್ರತಿ ಬಾಗಿಲಲ್ಲೂ ಭೋಜ ತಲೆ ಬಗ್ಗಿಸಿದ. ಎಲ್ಲರೂ ಪ್ರೀತಿಯಿಂದಲೇ ಕೈಯಿಟ್ಟರು.

"ಬದುಕು, ಬದುಕು. ಕುಂತ್ಕೋ ಬಾ. ಕಾಪಿ ಕುಡಿ. ಓಟು ಮಾತ್ರ ಕೇಳಬೇಡ ಮಗನೇ, ಮಾತು ಕೊಟ್ಟಾಗಿದೆ."

"ಗೊತ್ತು ಅಪ್ಪಾ. ಕೇಳೋದು ಎನ್ನ ಕೆಲಸ, ಕೇಳ್ದೆ."

ಹೀಗೆ ತಲೆಯ ತುಂಬ ಆಶೀರ್ವಾದ, ಹೊಟ್ಟೆಯ ತುಂಬ ಕಾಪಿ ತುಂಬಿಕೊಂಡು ಅವನು ಸಾಲಿನ ಕೊನೆಯ ತನಕ ಹೋದ. ಕೆಂಪಿಯ ಬಾಗಿಲೂ ಒಂದು ಓಟಿನ ಬಾಗಿಲೇ. ಗಂಡನ ಹೊಲದ ಪಟ್ಟಾ ಅವಳ ಹೆಸರಿಗೆ ಬಂದಿತ್ತು, ಆದ್ದರಿಂದ ಪಟ್ಟಿಯಲ್ಲಿದ್ದ ಎರಡು ಮೂರು ಹೆಂಗಸರಲ್ಲಿ ಅವಳೂ ಒಬ್ಬಳು. ಭೋಜ ಅಲ್ಲಿಯೂ ನಿಂತು ತಲೆ ಬಗ್ಗಿಸಿದ. ಅವಳು ಮೊರದಲ್ಲಿ ಸಾಮೆ ಕೇರುತ್ತಿದ್ದಳು. ಕೈ ಮೊರದಲ್ಲಿಯೇ ಉಳಿಯಿತು. ಸ್ವಲ್ಪ ಹೊತ್ತಾದ ಮೇಲೆ ಮೊರ ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಅಂಗಳದ ಆ ಕಡೆಯಿಂದ ಸುಬ್ಬ ಕೂಗಿದ: "ಹಾಂ, ಅಲ್ಲಿ ಹೋಗಿ ಕೇಳು! ಮುದುಕಿ ಕೆಲಸ ಕಿತ್ತುಕೊಂಡು ಬೇರೆಯವಳಿಗೆ ಕೊಡ್ತೀನಿ ಅಂತೀಯ, ಅವಳ ಹತ್ರಾನೇ ಓಟು ಕೇಳ್ತೀಯ!"

ಭೋಜನಿಗೆ ಆ ಮಾತು ನಿಜ ಅನಿಸಿತು. ತಾನು ಓದಿದ ದಾದಿ ಬೇಕು ಎಂದು ಊರೂರು ಹೇಳಿಕೊಂಡು ಬಂದದ್ದೆಲ್ಲ ಈ ಮುಚ್ಚಿದ ಬಾಗಿಲಿನ ಒಳಗೆ ಯಾವ ಅರ್ಥದಲ್ಲಿ ಕೇಳಿಸಿರಬಹುದು ಎಂದು ಅವನಿಗೆ ಅಲ್ಲಿಯ ತನಕ ಹೊಳೆದಿರಲಿಲ್ಲ.

ಓಟಿನ ದಿನ ಹಟ್ಟಿಯ ಶಾಲೆಯಲ್ಲಿ ಮೇಜು ಹಾಕಿದರು. ಹಳ್ಳ ದಾಟಿ ಮುದುಕರು ಬರಲಾರರು ಎಂದು ಆ ಹಟ್ಟಿಗೇ ಬೇರೆ ಪೆಟ್ಟಿಗೆಗಳು. ಶಾಲೆಯ ಮೂಲೆಯಲ್ಲಿ ಕಂಬಳಿ ಕಟ್ಟಿ ಮರೆ ಮಾಡಿ, ಮರೆಯ ಹಿಂದೆ ಜಯರಾಮನ್ ಅವರ ಕೆಂಪು ಪೆಟ್ಟಿಗೆ, ಭೋಜನ ಬಿಳಿ ಪೆಟ್ಟಿಗೆ. ಊಟಿಯಿಂದ ಬಂದ ಅಧಿಕಾರಿ ಒಳ್ಳೆಯ ಮನುಷ್ಯ. ಪ್ರತಿಯೊಬ್ಬರಿಗೂ ಚೀಟಿ ಕೊಟ್ಟು ಸಮಾಧಾನವಾಗಿ ಹೇಳುತ್ತಿದ್ದರು: "ಒಳಗೆ ನೀವು ಒಬ್ಬರೇ. ಯಾರೂ ನೋಡಲ್ಲ. ಯಾವುದಕ್ಕೆ ಹಾಕಿದಿರಿ ಅಂತ ಯಾರಿಗೂ ಹೇಳಬೇಕಾಗಿಲ್ಲ."

ಹಟ್ಟಿಯವರಿಗೆ ಅದು ವಿಚಿತ್ರವಾಗಿ ಕಂಡಿತು. ಒಬ್ಬರೇ ನಿಂತು ತೀರ್ಮಾನ ಮಾಡುವುದು ಅವರಿಗೆ ಗೊತ್ತಿರಲಿಲ್ಲ. ಕೆಲವರು ಮರೆಯ ಹಿಂದೆ ಹೋದವರು ತಲೆ ಹೊರಗೆ ಹಾಕಿ, "ಕೆಂಪು ತಾನೇ ಗೌಡರೇ?" ಎಂದು ಕೂಗಿ ಕೇಳಿ ಅಧಿಕಾರಿಯ ಕೈಯಲ್ಲಿ ಬೈಸಿಕೊಂಡರು.

ಮಾದ ಗೌಡರು ಶಾಲೆಯ ಬಾಗಿಲ ಪಕ್ಕದ ಕಲ್ಲಿನ ಮೇಲೆ ಬೆಳಗಿನಿಂದ ಪೆಟ್ಟಿಗೆ ಕಟ್ಟುವ ತನಕ ಕೂತಿದ್ದರು. ಊಟಕ್ಕೂ ಏಳಲಿಲ್ಲ. ಬರುವವರ, ಹೋಗುವವರ ತಲೆ ಮುಟ್ಟಿ "ಬದುಕು" ಎನ್ನುತ್ತಿದ್ದರು.

ಭೋಜ ಮೊದಲಿಗೇ ಹೋಗಿದ್ದ. ಖಾಲಿ ಬಿಳಿ ಪೆಟ್ಟಿಗೆಯ ತಳಕ್ಕೆ ಅವನ ಚೀಟಿ ಬಿದ್ದ ಸದ್ದು ಅವನಿಗೇ ಕೇಳಿಸಿತು. ಮಡಿಸಿದ ಒಂದು ಕಾಗದ ಅಷ್ಟು ಸದ್ದು ಮಾಡುತ್ತದೆಂದು ಅವನು ಎಣಿಸಿರಲಿಲ್ಲ.

ಎಣಿಕೆ ಊಟಿಯಲ್ಲಿ. ಮಂಜೂರಿನಿಂದ ಬಸ್ಸಿನಲ್ಲಿ ಹೋದ. ಜಯರಾಮನ್ ಅವರು ಎದ್ದು ಬಂದು ಕೈ ಹಿಡಿದು, "ಬನ್ನಿ, ಕೂತುಕೊಳ್ಳಿ, ಚಳಿ ಇದೆ" ಎಂದು ತಮ್ಮ ಬೆಂಚಿನಲ್ಲೇ ಜಾಗ ಮಾಡಿಕೊಟ್ಟರು. ಮಂಜೂರಿನ ಪೆಟ್ಟಿಗೆಯಲ್ಲಿ ಭೋಜನಿಗೆ ಹತ್ತಿಪ್ಪತ್ತು ಓಟು ಬಂದವು, ರಂಗನಾಥನ್ ಅವರ ಗೆಳೆಯರದು ಇರಬೇಕು. ಬೇರೆ ಕಡೆ ಅದೂ ಇಲ್ಲ. ಕೊನೆಗೆ ಅವನ ಹಟ್ಟಿಯ ಪೆಟ್ಟಿಗೆ ಬಂತು. ಗುಮಾಸ್ತ ಬಿಳಿ ಪೆಟ್ಟಿಗೆಯನ್ನು ಮೇಜಿನ ಮೇಲೆ ಮಗುಚಿ, ತಟ್ಟಿ, "ಎರಡು" ಎಂದ.

ಒಂದು ತನ್ನದು. ಇನ್ನೊಂದು?

ಜಯರಾಮನ್ ನಕ್ಕರು. ಕೆಟ್ಟ ನಗೆಯಲ್ಲ, ಗೆದ್ದವರ ನಗೆ. "ಗೌಡರು ಒಂದೂ ತಪ್ಪಲ್ಲ ಅಂದಿದ್ದರು. ಪರವಾಗಿಲ್ಲ, ನಿಮ್ಮ ಹಟ್ಟಿಯ ಮಾತಿಗೆ ಒಂದು ಚೀಟಿ ಕೊರೆ ಬಿತ್ತು ಅಂತ ಹೇಳಿ."

ಭೋಜ ಸೋತಿದ್ದ. ಆದರೆ ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಅವನು ಆ ಇನ್ನೊಂದು ಚೀಟಿಯನ್ನೇ ಯೋಚಿಸುತ್ತಿದ್ದ. ಅಷ್ಟು ಜನರಲ್ಲಿ ಒಬ್ಬರು, ಹೆತ್ತೆಯಮ್ಮನ ಹೆಸರಿನಲ್ಲಿ ಕೊಟ್ಟ ಮಾತನ್ನೂ ಮುರಿದು, ಕಂಬಳಿಯ ಮರೆಯಲ್ಲಿ ನಿಂತು, ಇವನು ಹೇಳುವುದು ಸರಿ ಎಂದು ಕೈ ಚಾಚಿದ್ದರು. ಆರು ವರ್ಷದಲ್ಲಿ ಮೊದಲ ಸಲ ಅವನ ಮೈ ಒಳಗಿನಿಂದ ಬೆಚ್ಚಗಾಯಿತು. ಯಾರು ಎಂದು ತಿಳಿದರೆ ಸಾಕು. ಹೋಗಿ ಅವರ ಹತ್ತಿರ ಸುಮ್ಮನೆ ಒಂದು ಗಳಿಗೆ ಕೂತರೆ ಸಾಕು. ಬೇರೇನೂ ಬೇಡ.

ಮರುದಿನದಿಂದ ಅವನ ಕಣ್ಣೇ ಬೇರೆಯಾಯಿತು. ಅವನ ಎಮ್ಮೆ ಬೇಲಿ ದಾಟಿದ್ದನ್ನು ಪಕ್ಕದ ಹೊಲದವರು ಅಟ್ಟಿ ತಂದು ಕಟ್ಟಿದ್ದರು. ಇವರಿರಬಹುದೇ? ದಾರಿಯಲ್ಲಿ ಸಿಕ್ಕ ಮುದುಕನೊಬ್ಬ ತಲೆಯ ಮೇಲಿಟ್ಟ ಕೈಯನ್ನು ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು ಇಟ್ಟ ಹಾಗಾಯಿತು. ಇವರೇನೋ. ಸುಬ್ಬನ ಹೆಂಡತಿ ಅವನ ಹೊಲದ ಅಂಚಿನಲ್ಲಿ ಬಿಟ್ಟಿದ್ದ ಗುದ್ದಲಿಯನ್ನು ಮಳೆಗೆ ತೋಯದ ಹಾಗೆ ಗೋಣಿ ಮುಚ್ಚಿ ಇಟ್ಟಿದ್ದಳು. ಅವಳಿಗೆ ಓಟೇ ಇರಲಿಲ್ಲ, ಆದರೂ ಅವನಿಗೆ ಅವಳ ಮೇಲೂ ಅನುಮಾನ ಬಂತು. ಇಷ್ಟು ದಿನವೂ ಇವರು ಹೀಗೆಯೇ ಇದ್ದರೋ ಏನೋ. ತಾನೇ ನೋಡಿರಲಿಲ್ಲ. ಒಂದು ಚೀಟಿ ಯಾರದೆಂದು ತಿಳಿಯದೆ ಇದ್ದುದರಿಂದ ಅದು ಎಲ್ಲರ ಮುಖದ ಮೇಲೂ ಸ್ವಲ್ಪ ಸ್ವಲ್ಪ ಹಂಚಿಹೋದ ಹಾಗಿತ್ತು.

ಆದರೆ ಆ ಚೀಟಿಯನ್ನು ಹುಡುಕುತ್ತಿದ್ದವನು ಅವನೊಬ್ಬನೇ ಅಲ್ಲ.

"ಕೊರೆ ಬಿತ್ತು ಅಂದ್ರಂತೆ!" ಸುಬ್ಬ ಸುತ್ತುಕಲ್ಲಿನ ಮುಂದೆ ನಿಂತು ಕೂಗಿದ. "ಮಂಡೀಲಿ ನಾ ತಲೆ ಎತ್ತೋದು ಹೆಂಗೆ? ನಂಗ ಹಟ್ಟಿ ಮಾತು ಯಾವತ್ತು ಕೊರೆ ಬಿದ್ದಿತ್ತು ಗೌಡರೇ? ಭೋಜ ಅವನಿಗೆ ಅವನು ಹಾಕ್ಕೊಂಡ, ಸರಿ, ಅವನು ಮಾತು ಕೊಟ್ಟೋನಲ್ಲ. ಇನ್ನೊಬ್ಬರು ಯಾರು? ಹೆತ್ತೆಯಮ್ಮನ ದೀಪ ತರಿಸಿ. ಎಲ್ಲರೂ ಮುಟ್ಟಿ ಹೇಳ್ಲಿ."

"ಯಾರೋ ಮುದುಕರು ಕಣ್ಣು ಕಾಣದೆ ಹಾಕಿರಬಹುದು," ಎಂದರು ಗೌಡರು.

"ಕೆಂಪು ಯಾವುದು, ಬಿಳಿ ಯಾವುದು ಅಂತ ಕಾಣದೋರು ಯಾರು ಅವ್ರೆ ಇಲ್ಲಿ? ಇದ್ರೆ ದೀಪದ ಮುಂದೆ ಹೇಳ್ಲಿ, ಬಿಟ್ಟುಬಿಡಾನ."

ಹಿರಿಯರು ಒಬ್ಬೊಬ್ಬರಾಗಿ ತಲೆ ಆಡಿಸಿದರು. ಎಲ್ಲರೂ ಒಪ್ಪಿದ ಮೇಲೆ ಗೌಡರು ಬೇಡ ಎನ್ನುವ ಹಾಗಿರಲಿಲ್ಲ.

ಹೆತ್ತೆಯಮ್ಮ ಅವರ ಕುಲದ ತಾಯಿ. ಅವಳ ದೀಪ ಮುಟ್ಟಿ ಸುಳ್ಳು ಹೇಳಿದರೆ ವರ್ಷ ತಿರುಗುವುದರೊಳಗೆ ಸಾವು ಎಂದು ಎಲ್ಲರ ನಂಬಿಕೆ. ನಿಜ ಹೇಳಿದರೆ ಮಾತು ಮುರಿದವರು ಎಂದು ಹಟ್ಟಿಯಿಂದ ಹೊರಗೆ. ಅಂಥವರ ಕೈಯ ನೀರು ಯಾರೂ ಮುಟ್ಟುವುದಿಲ್ಲ, ಅಂಥವರು ಯಾರ ಮನೆಯ ಮಗುವನ್ನೂ ಮುಟ್ಟುವ ಹಾಗಿಲ್ಲ.

ಸಂಜೆ ಹಳ್ಳದಿಂದ ಮಂಜು ಏರತೊಡಗಿದಾಗ ಸುತ್ತುಕಲ್ಲಿನ ಮೇಲೆ ದೀಪ ಬಂತು. ಓಟು ಹಾಕಿದವರೆಲ್ಲ ಸಾಲು ನಿಂತರು. ಭೋಜನನ್ನು ಪಕ್ಕಕ್ಕೆ ಕೂರಿಸಿದರು. ಅವನು ನೋಡಬೇಕು, ಮುಟ್ಟಬೇಕಾಗಿಲ್ಲ.

ಗೌಡರೇ ಮೊದಲು ಮುಟ್ಟಿದರು. "ಕೊಟ್ಟ ಮಾತಿನಂತೆ ಹಾಕಿದೆ." ಆಮೇಲೆ ಉಳಿದ ಹಿರಿಯರು. ಆಮೇಲೆ ಸುಬ್ಬ, ಎದೆಯುಬ್ಬಿಸಿಕೊಂಡು. ಒಬ್ಬೊಬ್ಬರ ಕೈ ದೀಪದ ಬುಡಕ್ಕೆ ತಗಲಿದ ಹಾಗೆಲ್ಲ ಭೋಜನ ಎದೆಯಲ್ಲಿ ಒಂದೊಂದು ಮುಖ ಆರಿಹೋಗುತ್ತಿತ್ತು. ಎಮ್ಮೆ ಕಟ್ಟಿದವರು ಅಲ್ಲ. ತಲೆಯ ಮೇಲೆ ಕೈ ಹೆಚ್ಚು ಹೊತ್ತು ಇಟ್ಟವರೂ ಅಲ್ಲ. ಸಾಲು ಸಣ್ಣದಾಗುತ್ತ ಬಂತು. ಕೊನೆಗೆ ಉಳಿದವರು ದೂರದಲ್ಲಿ ನಿಂತಿದ್ದ ಹೆಂಗಸರು. ಇಬ್ಬರು ಮುಟ್ಟಿ ಹೋದರು.

"ಕೆಂಪಕ್ಕ, ನೀವು ಬೇಡ, ಹೋಗಿ," ಎಂದ ಸುಬ್ಬ. "ನಿಮ್ಮನ್ನ ಯಾರು ಅನುಮಾನ ಪಡ್ತಾರೆ? ಇವನು ನಿಮ್ಮ ಹೊಟ್ಟೆ ಮೇಲೇ ಹೊಡೆಯೋಕೆ ನಿಂತೋನು."

"ಎಲ್ಲರೂ ಅಂದ ಮೇಲೆ ಎಲ್ಲರೂ," ಎಂದಳು ಕೆಂಪಿ.

ಅವಳು ಮುಂದೆ ಬಂದಳು. ದೀಪದ ಮುಂದೆ ನಿಂತು, ಕೈ ಚಾಚುವ ಬದಲು ಎರಡೂ ಅಂಗೈಗಳನ್ನು ಒಂದಕ್ಕೊಂದು ಉಜ್ಜಿಕೊಂಡಳು. ಮೆಲ್ಲಗೆ, ಮತ್ತೆ ಮತ್ತೆ.

ಭೋಜ ನೋಡಿದ. ಚಳಿಗೆ ಉಜ್ಜಿಕೊಳ್ಳುತ್ತಿದ್ದಾಳೆ ಎಂದು ಉಳಿದವರು ತಿಳಿದಿರಬೇಕು. ಅವನಿಗೆ ಮಾತ್ರ ಮಳೆಯ ಸದ್ದು ಕೇಳಿಸಿತು, ತನ್ನ ಮನೆಯ ಒಲೆಯ ಮುಂದೆ ಬಗ್ಗಿದ ಅವಳ ಬೆನ್ನು ಕಂಡಿತು. ಆವತ್ತು ಅವಳು ಒಳಗೆ ಹೋಗುವ ಮುಂಚೆ ಕೈ ಬಿಸಿ ಮಾಡಿಕೊಂಡದ್ದು ಹೀಗೆಯೇ. ತನ್ನ ಕೈಗೆ ಮೀರಿದ್ದೊಂದು ಒಳಗೆ ಕಾದಿದೆ ಎಂದು ಆವತ್ತೂ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಹೋಗಿದ್ದಳು. ಈಗಲೂ ಹೋಗಲಿದ್ದಳು. ಅವಳು ಸುಳ್ಳು ಹೇಳುವವಳಲ್ಲ.

ಅವಳು ಆರು ವರ್ಷ ಮುಖ ತಿರುಗಿಸಿಕೊಂಡದ್ದು ಸಿಟ್ಟಿನಿಂದಲ್ಲ. ಮೊರದಲ್ಲೇ ಉಳಿದ ಆ ಕೈ ಆಶೀರ್ವಾದ ಮಾಡಲು ಒಲ್ಲದ ಕೈಯಲ್ಲ, ನಾಚಿದ ಕೈ. ಓದಿದ ದಾದಿ ಬೇಕು ಎಂದು ಆ ಹಟ್ಟಿಯಲ್ಲಿ ಭೋಜನಿಗಿಂತ ಹೆಚ್ಚಾಗಿ ಬಯಸಿದವಳು ಒಬ್ಬಳಿದ್ದಳು. ಅವಳು ಅದನ್ನು ಹೇಳಬಹುದಾಗಿದ್ದ ಜಾಗ ಲೋಕದಲ್ಲಿ ಒಂದೇ ಒಂದು, ಆ ಕಂಬಳಿಯ ಮರೆ.

"ನಾನು..." ಎಂದು ಕೆಂಪಿ ಬಾಯಿ ತೆರೆದಳು.

"ನಿಲ್ಲಿ!" ಭೋಜ ಎದ್ದು ನಿಂತ. ಅವನ ದನಿ ಅವನಿಗೇ ದೊಡ್ಡದೆನಿಸಿತು. "ಸಾಕು. ಮುದುಕಿಯನ್ನ ಏಕೆ ಚಳೀಲಿ ನಿಲ್ಲಿಸ್ತೀರಿ? ಎರಡೂ ನಾನೇ ಹಾಕಿದ್ದು."

"ಏನಂದೆ?"

"ಎನ್ನ ಅಣ್ಣ ಹಾಲಣ್ಣ ಸತ್ತು ಎರಡು ವರ್ಷ ಆದ್ರೂ ಪಟ್ಟೀಲಿ ಅವನ ಹೆಸರು ತೆಗೆದಿರಲಿಲ್ಲೆ. ಮಧ್ಯಾಹ್ನ ಮಂಜು ಇಳಿದಾಗ ತಲೆತುಂಬ ಕಂಬಳಿ ಹೊದ್ಕೊಂಡು ಇನ್ನೊಂದು ಸಲ ಹೋದೆ. ಊಟಿ ಆಫೀಸರಿಗೆ ನಂಗ ಹಟ್ಟಿಯೋರ ಮುಖ ಗೊತ್ತಾಗುತ್ತಾ?"

ಸುಬ್ಬ ನಕ್ಕ ನಗು ಸಾಲುಮನೆಗಳ ಗೋಡೆಗೆ ಬಡಿದು ವಾಪಸು ಬಂತು.

"ಸತ್ತ ಅಣ್ಣನ ಓಟು ಕದ್ದನಲ್ಲಪ್ಪಾ! ನಾ ಆವತ್ತೇ ಅಂದೆ, ಇವನಿಗೆ ಯಾರು ಹಾಕ್ತಾರೆ ಅಂತ! ಯಾರೂ ಹಾಕಿಲ್ಲೆ! ಒಬ್ಬರೂ ಹಾಕಿಲ್ಲೆ!"

ಎಲ್ಲರೂ ನಕ್ಕರು. ಅವರ ನಗೆಯಲ್ಲಿ ಬಿಡುಗಡೆಯೂ ಇತ್ತು. ತಮ್ಮಲ್ಲಿ ಯಾರೂ ಮಾತು ಮುರಿದಿರಲಿಲ್ಲ, ಹಟ್ಟಿಯ ಮಾತು ಇಡಿಯಾಗಿ ಉಳಿದಿತ್ತು. ಭೋಜ ತಲೆ ತಗ್ಗಿಸಿ ನಿಂತ. ಬಸ್ಸಿನಿಂದ ಇಳಿದಾಗಿನಿಂದ ಮಡಿಲಲ್ಲಿ ಕೆಂಡದ ಹಾಗೆ ಕಾಪಾಡಿಕೊಂಡು ಬಂದಿದ್ದುದನ್ನು, ಸಿಕ್ಕ ಗಳಿಗೆಯಲ್ಲೇ, ಎಲ್ಲರ ಎದುರು ತನ್ನ ಕೈಯಾರೆ ನೀರು ಹುಯ್ದು ಆರಿಸಿದ್ದ. ತನ್ನ ಜೊತೆ ಒಬ್ಬರಿದ್ದರು ಎಂದು ಇನ್ನು ಯಾವತ್ತೂ, ಯಾರಿಗೂ, ಅವನು ಹೇಳುವ ಹಾಗಿರಲಿಲ್ಲ.

"ಹಂಗಾದ್ರೆ ಇವನೂ ದೀಪ ಮುಟ್ಟಿ ಹೇಳ್ಲಿ," ಎಂದ ಸುಬ್ಬ.

ಭೋಜ ದೀಪದ ಕಡೆಗೆ ಹೆಜ್ಜೆ ಇಟ್ಟ. ವರ್ಷದೊಳಗೆ ಸಾವು ಎಂದು ಅವನೂ ನಂಬಿದವನೇ. ಕೈ ಎತ್ತಿದ.

ಮಾದ ಗೌಡರು ಅವನನ್ನೇ ನೋಡುತ್ತಿದ್ದರು. ಅವರು ಆ ದಿನ ಬೆಳಗಿನಿಂದ ಬಾಗಿಲ ಪಕ್ಕದ ಕಲ್ಲು ಬಿಟ್ಟು ಎದ್ದವರಲ್ಲ. ಒಳಗೆ ಹೋದ ಒಂದೊಂದು ತಲೆಯನ್ನೂ ಮುಟ್ಟಿದವರು. ಭೋಜನ ತಲೆಯನ್ನು ಎಷ್ಟು ಸಲ ಮುಟ್ಟಿದ್ದರೆಂದು ಅವರ ಅಂಗೈಗೆ ಗೊತ್ತಿತ್ತು. ಕಂಬಳಿ ಹೊದ್ದು ಬಂದವರು ಯಾರೂ ಇರಲಿಲ್ಲ ಎಂಬುದೂ ಗೊತ್ತಿತ್ತು. ಅವರು ಭೋಜನನ್ನು ನೋಡಿದರು. ಇನ್ನೂ ಒಂದನ್ನೊಂದು ಹಿಡಿದುಕೊಂಡೇ ಇದ್ದ ಕೆಂಪಿಯ ಕೈಗಳನ್ನು ನೋಡಿದರು. ಆ ಕೈಗಳಿಗೇ ಅವರ ಮೊಮ್ಮಕ್ಕಳೆಲ್ಲ ಹುಟ್ಟಿದ್ದು.

"ತೆಗಿ ಕೈ!" ಎಂದು ಗದರಿದರು. "ಕಳ್ಳನ ಕೈ ಹೆತ್ತೆಯಮ್ಮನ ದೀಪಕ್ಕೆ ಸೋಕಬಾರದು. ದೀಪ ಎತ್ತಿ ಒಳಗೆ ಇಡಿ."

ದೀಪ ಎತ್ತಿದರು. ಗೌಡರು ದಂಡನೆ ಹೇಳಿದರು. ಮುಂದಿನ ಹೆತ್ತೆ ಹಬ್ಬದ ತನಕ ಭೋಜನ ಜೊತೆ ಹಟ್ಟಿಯಲ್ಲಿ ಯಾರೂ ಮಾತಾಡಕೂಡದು, ಯಾರೂ ಅವನ ತಲೆ ಮುಟ್ಟಕೂಡದು. ಬೆಂಕಿ, ನೀರು, ಹೊಲ ಅವನಿಗಿರಲಿ. ಮಾತು ಮಾತ್ರ ಇಲ್ಲ. ಅಷ್ಟು ಹೇಳಿ ಎದ್ದು ಹೊರಟರು. ಭೋಜ ಎಂದಿನ ಅಭ್ಯಾಸದಂತೆ ತಲೆ ಬಗ್ಗಿಸಿದ. ಗೌಡರ ಕೈ ಅರ್ಧ ಎದ್ದು, ಅಲ್ಲಿಯೇ ನಿಂತು, ತಿರುಗಿ ಶಾಲಿನೊಳಗೆ ಹೋಯಿತು.

ಹಟ್ಟಿಯವರು ದಂಡನೆಯನ್ನು ಚೆನ್ನಾಗಿ ಪಾಲಿಸಿದರು. ಭೋಜ ಹೊಲಕ್ಕೆ ಹೋಗುವಾಗ ದಾರಿ ಬಿಟ್ಟು ನಿಲ್ಲುತ್ತಿದ್ದರು. ಮಕ್ಕಳು ಅವನನ್ನು ಕಂಡರೆ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದರು. 'ದಾದಿ ಭೋಜ' ಎಂದು ಯಾರಾದರೂ ಕೂಗಿದ್ದರೂ ಆಗುತ್ತಿತ್ತು ಎಂದು ಅವನಿಗೆ ಕೆಲವು ದಿನ ಅನಿಸಿತು. ಅವನು ಬೆಳಿಗ್ಗೆ ಎಮ್ಮೆ ಕರೆಯುತ್ತಿದ್ದ, ಚೊಂಬನ್ನು ಪಕ್ಕದ ಹೊಸ್ತಿಲಲ್ಲಿ ಇಡುತ್ತಿದ್ದ, ಸಂಜೆ ಬೆಳಗಿದ ಚೊಂಬನ್ನು ತನ್ನ ಹೊಸ್ತಿಲಿಂದ ಎತ್ತಿಕೊಳ್ಳುತ್ತಿದ್ದ. ತನ್ನ ದನಿ ಮರೆತುಹೋಗಬಾರದೆಂದು ಎಮ್ಮೆಗಳ ಹತ್ತಿರ ಸ್ವಲ್ಪ ಮಾತಾಡುತ್ತಿದ್ದ.

ಒಂದು ಸಂಜೆ ಮಳೆ ಹಿಡಿದಿತ್ತು. ಒಲೆ ಹೊತ್ತಿಸಿ ಕೂತಿದ್ದ. ಗೋಡೆಯ ಆ ಕಡೆಯಿಂದ ಟಕ್ ಟಕ್ ಎಂದು ಸದ್ದಾಯಿತು. ಸೌಟಿನದು. ಅವನು ಗೋಡೆಯ ಹತ್ತಿರಕ್ಕೆ ಸರಿದ.

"ಏ ಬೆಕ್ಕೇ," ಎಂದಿತು ಆ ಕಡೆಯ ದನಿ, ಬೆಕ್ಕಿಗೆ ಬೇಕಾದದ್ದಕ್ಕಿಂತ ತುಂಬ ಗಟ್ಟಿಯಾಗಿ. "ಭೋಜನ ಹತ್ರ ಯಾರೂ ಮಾತಾಡಬಾರದು ಅಂದವ್ರೆ ಗೌಡರು. ನಾನೇನು ಮಾತು ಮೀರೋಳಲ್ಲ. ನಿನ್ನ ಹತ್ರ ಮಾತಾಡಬಾರದು ಅಂದಿಲ್ಲವಲ್ಲ?"

ಬೆಕ್ಕು ಏನೂ ಹೇಳಲಿಲ್ಲ.

"ಅವತ್ತು ಕೂಸು ಅಡ್ಡ ಇತ್ತು ಬೆಕ್ಕೇ. ಎನ್ನ ಕೈಗೆ ಅದರ ತೋಳು ಸಿಕ್ತು, ಭುಜ ಸಿಕ್ತು, ತಿರುಗಿಸೋಕೆ ಬರಲಿಲ್ಲೆ. ಗಂಗೆ ಎನ್ನ ಕೈ ಹಿಡ್ಕೊಂಡು, ದೊಡ್ಡವ್ವೆ ನಿಮಗೆ ಸುಸ್ತಾಯ್ತಾ ಅಂದಳು. ಅವಳು ಎನ್ನ ಕೇಳಿದ್ದು ನೋಡು. ಇದನ್ನ ಅವಳ ಗಂಡನಿಗೆ ಹೇಳಬೇಕಿತ್ತು. ಯಾವ ಮುಖ ಇಟ್ಕೊಂಡು ಹೇಳ್ಲಿ?"

ಭೋಜ ಗೋಡೆಗೆ ಹಣೆ ಆನಿಸಿದ. ಆ ಕಡೆಯ ಒಲೆಯ ಬಿಸಿಗೆ ಮಣ್ಣು ಬೆಚ್ಚಗಿತ್ತು.

"ಇನ್ನೊಂದು ಸಲ ಆ ಪೆಟ್ಟಿಗೆ ಬತ್ತಾವಂತಲ್ಲ, ನಾಲ್ಕು ವರ್ಷಕ್ಕೋ ಐದು ವರ್ಷಕ್ಕೋ. ಆವತ್ತಿಗೆ ನಾನು ಇರ್ತೀನೋ ಇಲ್ಲೆಯೋ. ಇದ್ದು, ಆ ಓದಿದವಳು ಬಂದ್ರೆ..." ಆ ಕಡೆ ಒಲೆಗೆ ಸೌದೆ ನೂಕಿದ ಸದ್ದಾಯಿತು. "ಬಂದ್ರೆ, ಪಕ್ಕದಲ್ಲಿ ನಿಂತು ನೋಡೋಕೆ ಬಿಡ್ತಾಳಾ ಅಂತ ಯಾರನ್ನಾದ್ರೂ ಕೇಳಬೇಕು. ಹೆಂಗೆ ತಿರುಗಿಸೋದು ಅಂತ ಒಂದು ಸಲ ಕಣ್ಣಾರೆ ನೋಡಬೇಕು ಬೆಕ್ಕೇ. ಅಷ್ಟೇ. ಬಿಡ್ತಾಳಾ?"

ಭೋಜನ ಮನೆಯಲ್ಲಿ ಬೆಕ್ಕು ಇರಲಿಲ್ಲ. ಅವನು ಸುತ್ತ ನೋಡಿದ. ಒಲೆಯ ಮೇಲೆ ಸಾಮೆ ಬೇಯುತ್ತಿದ್ದ ಮಡಕೆ ಇತ್ತು.

"ಏ ಮಡಕೆ," ಎಂದ. ಎಷ್ಟೋ ದಿನದ ಮೇಲೆ ಮನುಷ್ಯರಿಗೆಂದು ಆಡಿದ ಮಾತು, ತೀರ ಮೆಲ್ಲಗಾಯಿತು. ಇನ್ನೊಂದು ಸಲ, ಗೋಡೆಯ ಆ ಕಡೆಗೂ ಕೇಳುವ ಹಾಗೆ ಹೇಳಿದ: "ಏ ಮಡಕೆ, ಬಿಡ್ತಾಳೆ. ಖಂಡಿತ ಬಿಡ್ತಾಳೆ. ನಿಮ್ಮ ತಪ್ಪಲ್ಲ ಅಂತ ಆವತ್ತೇ ಹೇಳಬೇಕಿತ್ತು ಮಡಕೇ. ಹೇಳಲಿಲ್ಲೆ."

ಆ ಕಡೆಯಿಂದ ಅಂಗೈಗಳನ್ನು ಉಜ್ಜಿಕೊಳ್ಳುವ ಸಣ್ಣ ಸದ್ದು ಕೇಳಿದ ಹಾಗಾಯಿತು. ಮಳೆಯದೂ ಇರಬಹುದು.

"ಬೆಕ್ಕೇ," ಎಂದಿತು ದನಿ, ಮೂಗು ಸೇದಿಕೊಂಡು, "ಪಕ್ಕದ ಮನೇಲಿ ಸಾಮೆ ತಳ ಹಿಡೀತಾ ಐತೆ. ವಾಸನೆ ಬತ್ತಾ ಐತೆ. ಕೆದಕೋಕೂ ಯಾರೂ ಇಲ್ಲವಾ ಅಲ್ಲಿ?"

ಭೋಜ ಎದ್ದು ಸೌಟು ತೆಗೆದುಕೊಂಡ. ಮೊದಲು ಗೋಡೆಯನ್ನು ಎರಡು ಸಲ ಕುಟ್ಟಿದ. ಆಮೇಲೆ ಮಡಕೆಯ ಕಡೆ ತಿರುಗಿದ.